ಗೆದ್ದಲಿಲ್ಲದ ಗುಡ್ಡೆ

ಮೈಲುತುತ್ತಿಗೆ ಸುಣ್ಣ ಬೆರೆಸುವ ವಿಷಯದಲ್ಲಿ ಕುಂಟಾಲಪದವಿನ ತ್ಯಾಂಪಣ್ಣ ರೈಗಳನ್ನು ಮೀರಿಸುವವರು ಕಬಕದ ಸುತ್ತುಮುತ್ತಲಲ್ಲಿ ಯಾರೂ ಇರಲಿಲ್ಲ. ಹಾಗೆಂದು ಊರು ಹೇಳುತ್ತಿತ್ತು. ಊರು ಮರೆತ ದಿನ ರೈಗಳೇ ಹೇಳಿಕೊಳ್ಳುತ್ತಿದ್ದರು. ಕೊಳೆರೋಗ ಬಾರದಂತೆ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಅವರಿಗೆ ಎಲ್ಲಿಲ್ಲದ ಬೇಡಿಕೆ. ಯಾರದೋ ಮನೆಯ ಬ್ಯಾರೆಲ್ಲಿನ ಎದುರು ನಿಂತು, ಸೊಂಟದ ಕತ್ತಿ ತೆಗೆದು, ಅಲಗನ್ನು ತೆಂಗಿನ ನಾರಿನಲ್ಲಿ ಬೆಳ್ಳಗಾಗುವಂತೆ ತಿಕ್ಕಿ, ಮದ್ದಿನೊಳಗೆ ಅದ್ದಿ ಹಿಡಿಯುತ್ತಿದ್ದರು. ಅಲಗಿಗೆ ಕೆಂಪು ಹತ್ತಿದರೆ ತುತ್ತು ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಬೆಳ್ಳಗೇ ಉಳಿದರೆ ಮದ್ದು ಹದವಾಗಿದೆ. ಇದು ಆ ಊರಿನ ಎಲ್ಲರಿಗೂ ಗೊತ್ತಿದ್ದ ವಿದ್ಯೆಯೇ. ಆದರೆ ರೈಗಳು ಕತ್ತಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುವ ಗತ್ತು ಬೇರೆಯವರಿಗೆ ಬರುತ್ತಿರಲಿಲ್ಲ.

ಆ ಗತ್ತೇ ಹದಿನಾರು ಮನೆಗಳನ್ನು ಹಾಳು ಮಾಡಿತು.

ಎಪ್ಪತ್ತೆರಡನೇ ಇಸವಿಯಲ್ಲಿ ಘಟ್ಟದ ಮೇಲಿನ ಒಬ್ಬ ಕಂಟ್ರಾಕ್ಟರು ಊರಿನ ಮೇಲುಗಡೆಯ ಬೋಳುಬಯಲಾದ ಪದವಿನ ಮೇಲೆ ಮೂರು ಎಕರೆ ಸರ್ಕಾರಿ ಜಾಗಕ್ಕೆ ತಂತಿಬೇಲಿ ಹಾಕಿ, ಕರೆಂಟು ಕಂಬದ ಡಿಪೋ ತೆರೆದಿದ್ದ. ಲಾರಿಯಲ್ಲಿ ಬಂದ ಮರಗಳನ್ನು ಉದ್ದನೆಯ ಕಬ್ಬಿಣದ ಬಾಯ್ಲರಿಗೆ ತಳ್ಳಿ, ಬಾಗಿಲು ಬಿಗಿದು, ಒಂದು ಹಸಿರು ಮದ್ದನ್ನು ಒತ್ತಿ ಕುಡಿಸುತ್ತಿದ್ದರು. ಮದ್ದು ಕುಡಿದ ಕಂಬಕ್ಕೆ ಇಪ್ಪತ್ತು ವರ್ಷ ಗೆದ್ದಲು ಹಿಡಿಯುವುದಿಲ್ಲವಂತೆ. ಹೊರಗೆಳೆದ ಕಂಬಗಳು ವಾರಗಟ್ಟಲೆ ಅಂಗಳದಲ್ಲಿ ಬಿದ್ದುಕೊಂಡು ತೊಟ್ಟಿಕ್ಕುತ್ತಿದ್ದವು. ಎಪ್ಪತ್ತೆಂಟರ ಹೊತ್ತಿಗೆ ಸಿಮೆಂಟಿನ ಕಂಬ ಬಂತು, ಡಿಪೋ ಮುಚ್ಚಿತು. ಕಂಟ್ರಾಕ್ಟರು ಬಾಯ್ಲರನ್ನು ಗುಜರಿಗೆ ಹಾಕಿದ. ಉಳಿದ ಮದ್ದಿನ ಕೆಸರನ್ನೆಲ್ಲ ಒಂದು ಹೊಂಡಕ್ಕೆ ಸುರಿಸಿ, ಮೇಲೆ ಮಣ್ಣೆಳೆದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಮೂರು ವರ್ಷ ಆ ಜಾಗ ಪಾಳು ಬಿದ್ದಿತ್ತು. ಎಂಬತ್ತೊಂದರಲ್ಲಿ ಅದನ್ನು ಮನೆಯಿಲ್ಲದವರಿಗೆ ಹಂಚುವುದೆಂದಾಯಿತು. ಭೂಮಸೂದೆಯಲ್ಲಿ ಗೇಣಿಯವರಿಗೆ ಭೂಮಿ ಸಿಕ್ಕಿತ್ತು. ಗೇಣಿಗೂ ಗತಿಯಿಲ್ಲದವರು ಇನ್ನೂ ಕಂಡವರ ಗುಡ್ಡೆಯ ಬದಿಯಲ್ಲಿ ಮುಳಿಹುಲ್ಲಿನ ಗುಡಿಸಲು ಕಟ್ಟಿಕೊಂಡಿದ್ದರು. ಅಂಥ ಹದಿನಾರು ಕುಟುಂಬಗಳ ಹೆಸರು ಪಟ್ಟಿಯಲ್ಲಿ ಬಂತು. ಹಕ್ಕುಪತ್ರ ಕೊಡುವ ಮೊದಲು ಜಾಗ ವಾಸಕ್ಕೆ ಯೋಗ್ಯವೇ ಎಂದು ಊರಿನ ತಿಳಿದವರೊಬ್ಬರು ನೋಡಿ ಬರೆದುಕೊಡಬೇಕಿತ್ತು. ತಿಳಿದವರೆಂದರೆ ಇನ್ಯಾರು? ರೈಗಳು ಪಂಚಾಯಿತಿಯ ಸದಸ್ಯರೂ ಆಗಿದ್ದರು.

ಅವರು ಬಿಳಿ ಅಂಗಿ ಹಾಕಿಕೊಂಡು ಹೋದರು. ಜೊತೆಗೆ ಬೋಜ ಇದ್ದ. ಬೋಜ ಆರು ವರ್ಷ ಡಿಪೋದಲ್ಲಿ ಕಂಬ ಹೊತ್ತವನು. ಅವನ ಹೆಂಡತಿ ಸುಂದರಿ ರೈಗಳ ಮನೆಯಲ್ಲಿ ಭತ್ತ ಕುಟ್ಟಿ ಅಂಗಳ ಸಾರಿಸಿದವಳು. ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಪಿಕ್ಕಾಸಿನಿಂದ ಎರಡು ಏಟು ಹೊಡೆದಾಗ ಕೆಂಪು ಮುರಕಲ್ಲಿನ ನಡುವೆ ಹಸಿರು ಗೆರೆ ಕಾಣಿಸಿತು.

"ಮೈಲುತುತ್ತು ಮಾರಾಯ ಇದು," ಎಂದರು ರೈಗಳು, ಹಳೆಯ ನೆಂಟ ಸಿಕ್ಕಿದಷ್ಟು ಖುಷಿಯಲ್ಲಿ.

"ಅದರಲ್ಲಿ ಬೇರೆ ಎಂತದೋ ಸಹ ಉಂಟು ಧಣಿಗಳೇ," ಎಂದ ಬೋಜ. "ಡ್ರಮ್ಮಿನ ಮೇಲೆ ತಲೆಬುರುಡೆಯ ಚಿತ್ರ ಇತ್ತು. ಮದ್ದು ಕಲಸುವಾಗ ಮೇಸ್ತ್ರಿ ಮುಖಕ್ಕೆ ಬಟ್ಟೆ ಕಟ್ಟುದು, ನಮ್ಮನ್ನು ಆಚೆ ಹೋಗಿ ಅಂತ ಹೇಳುದು."

"ಘಟ್ಟದವರಿಗೆ ತುತ್ತು ಕಂಡರೆ ಹೆದರಿಕೆ. ನಮ್ಮವರು ತಲೆಯಿಂದ ಕಾಲಿನವರೆಗೆ ನೀಲಿಯಾಗಿ ಬಂದು ಅದೇ ಕೈಯಲ್ಲಿ ಗಂಜಿ ಉಣ್ಣುದಿಲ್ವಾ? ಯಾರು ಸತ್ತಿದ್ದಾರೆ? ನಾಲ್ಕು ಗಾಡಿ ಸುಣ್ಣ ಹಾಕಿದರೆ ಇದರ ಗುಣ ಹೋಯಿತು."

ಬೋಜ ಪಿಕ್ಕಾಸು ಹೆಗಲಿಗೇರಿಸಿದ. ಧಣಿಗಳ ಎದುರು ಎರಡನೇ ಸಲ ಮಾತಾಡುವ ರೂಢಿ ಅವನಿಗಿರಲಿಲ್ಲ. ಅಲ್ಲದೆ ಅವನಿಗೂ ಮನೆ ಬೇಕಿತ್ತು.

ಇನ್ನೊಂದು ಸಂಗತಿ ಎಲ್ಲರ ಬಾಯಿ ಮುಚ್ಚಿಸಿತು. ಮೂರು ಎಕರೆ ಸುತ್ತಿದರೂ ಒಂದು ಹುತ್ತ ಕಾಣಲಿಲ್ಲ. ಬಿದ್ದ ಒಣಕೊಂಬೆಗೂ ಗೆದ್ದಲಿನ ಮಣ್ಣು ಮೆತ್ತಿರಲಿಲ್ಲ. ಮಾಡಿಗೆ ಮರದ ಪಕ್ಕಾಸು ಇಟ್ಟ ವರ್ಷಕ್ಕೇ ಗೆದ್ದಲು ತಿಂದು ಹಾಕುವ ಸೀಮೆ ಅದು. ಹುತ್ತ ಇದ್ದರೆ ನಾಗನ ಚಿಂತೆ, ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಚಿಂತೆ. ಇಲ್ಲಿ ಗೆದ್ದಲೂ ಇಲ್ಲ, ನಾಗನ ತಕರಾರೂ ಇಲ್ಲ. ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗವನ್ನು ದೇವರೇ ಹುಡುಕಿ ಕೊಡಬೇಕು ಎಂದು ಜನ ಮಾತಾಡಿಕೊಂಡರು. ಗೆದ್ದಲು ಕೂಡ ಬದುಕದ ಮಣ್ಣು ಇದೆಂದು ಒಬ್ಬನಿಗಾದರೂ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ. ರೈಗಳಿಗಂತೂ ಹೊಳೆಯಲೇ ಇಲ್ಲ.

ಸುಣ್ಣ ಹಾಕಿದರು. ಮೂವತ್ತೆಂಟು ಅಡಿಗೆ ಬಾವಿಯಲ್ಲಿ ನೀರು ಬಂತು, ಕಣ್ಣೀರಿನಷ್ಟು ತಿಳಿ. ಮೊದಲ ಕೊಡ ಮೇಲೆ ಬಂದ ದಿನ ಹದಿನಾರು ಮನೆಯವರೂ ಸುತ್ತ ನಿಂತಿದ್ದರು. ರೈಗಳು ಕತ್ತಿ ತಿಕ್ಕಿ ಕೊಡದೊಳಗೆ ಅದ್ದಿ, ಒಂದು ವೀಳ್ಯ ಜಗಿದು ಮುಗಿಸುವಷ್ಟು ಹೊತ್ತು ಕಾದು, ಹೊರಗೆಳೆದರು. ಅಲಗು ಬೆಳ್ಳಗೆ ಹೊಳೆಯಿತು. "ಒಂದು ಚೂರೂ ತುತ್ತಿಲ್ಲ. ಕುಡಿಯಿರಿ ಮಕ್ಕಳೇ," ಎಂದರು. ಕಾಗದದಲ್ಲಿ ವಾಸಕ್ಕೂ ಕುಡಿಯುವುದಕ್ಕೂ ಯೋಗ್ಯ ಎಂದು ಬರೆದು, ದೊಡ್ಡದಾಗಿ ಸಹಿ ಹಾಕಿದರು. ಆ ದಿನ ಅವರು ಮನೆಗೆ ಹೋಗುವಾಗ ನೆಲಕ್ಕೆ ಕಾಲು ತಾಗುತ್ತಿತ್ತೋ ಇಲ್ಲವೋ.

ಮೂರು ವರ್ಷ ಏನೂ ಆಗಲಿಲ್ಲ. ನಾಲ್ಕನೇ ವರ್ಷ ಬೋಜನ ಅಂಗಾಲಿನಲ್ಲಿ ಆಣಿಯಂಥ ಗಂಟುಗಳೆದ್ದವು. ಎದೆಯ ಮೇಲೆ, ಮಳೆಹನಿ ಬಿದ್ದ ಧೂಳಿನ ಹಾಗೆ ಕಪ್ಪು ಬಿಳಿ ಚುಕ್ಕೆ. ಮೊದಮೊದಲು ಬರಿಗಾಲಲ್ಲಿ ನಡೆದದ್ದಕ್ಕೆ ಎಂದರು. ಆಮೇಲೆ ನೆರೆಮನೆಯ ಅಬ್ಬಾಸನ ಅಂಗೈಯಲ್ಲೂ ಅವನ ಹೆಂಡತಿ ಬೀಫಾತುಮ್ಮಳ ಅಂಗೈಯಲ್ಲೂ ಅದೇ ಗಂಟು ಎದ್ದಿತು. ಬೋಜನ ಹಿಮ್ಮಡಿಯ ಗಂಟು ಒಡೆದು ಹುಣ್ಣಾಗಿ, ಮಾಯದೆ, ಎಂಬತ್ತಾರರ ಮಳೆಗಾಲದಲ್ಲಿ ಅವನು ತೀರಿಕೊಂಡ. ಸಾಯುವ ಮೊದಲು ರೈಗಳು ನೋಡಲು ಹೋಗಿದ್ದರು.

"ಪುತ್ತೂರಿನ ಡಾಕ್ಟ್ರು ಕೇಳಿದ್ರು ಧಣಿಗಳೇ, ಎಲ್ಲಿಯ ನೀರು ಕುಡಿಯುದು ಅಂತ," ಎಂದ ಬೋಜ. "ರೈಗಳು ನೋಡಿ ಕೊಟ್ಟ ನೀರು ಅಂತ ಹೇಳಿದೆ."

ಅವನು ಆ ಮಾತನ್ನು ಯಾವ ಕುಹಕವೂ ಇಲ್ಲದೆ ಹೇಳಿದ್ದ. ಅದನ್ನೇ ರೈಗಳಿಗೆ ತಡೆದುಕೊಳ್ಳಲಾಗಲಿಲ್ಲ. ಬೋಜನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಆ ಬಾವಿಯ ನೀರನ್ನು ಎರಡು ಶೀಷೆಗಳಲ್ಲಿ ತುಂಬಿಕೊಂಡು ಮಂಗಳೂರಿನ ಬಸ್ಸು ಹತ್ತಿದರು. ಅಕ್ಕನ ಮಗ ಮಹಾಬಲ ಅಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ. ಹದಿನೈದು ದಿನ ಬಿಟ್ಟು ಅವನೇ ಊರಿಗೆ ಬಂದ. ಜಗಲಿಯಲ್ಲಿ ಕೂತು, ಚಾ ಮುಟ್ಟದೆ, ಮಾವನ ಮುಖ ನೋಡದೆ ಹೇಳಿದ.

"ತುತ್ತು ಇಲ್ಲ ಮಾವ. ನೀವು ಹೇಳಿದ್ದು ಸರಿಯೇ. ಆದರೆ ಪಾಷಾಣ ಉಂಟು."

"ಪಾಷಾಣವಾ?"

"ಆ ಕಂಬದ ಮದ್ದಿಗೆ ಮೂರು ಬಗೆ ಹಾಕುದು. ತಾಮ್ರ, ಕ್ರೋಮಿಯಂ, ಮತ್ತೆ ಪಾಷಾಣ, ಅಂದರೆ ಆರ್ಸೆನಿಕ್. ತಾಮ್ರ ಮಣ್ಣಿನಲ್ಲೇ ನಿಂತಿತು. ಪಾಷಾಣ ಮಳೆನೀರಿನ ಜೊತೆ ಇಳಿಯಿತು. ಅದಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ."

"ಕತ್ತಿಗೆ ಹತ್ತುದಿಲ್ವಾ ಅದು?"

"ಇಲ್ಲ ಮಾವ."

ಅರವತ್ತೆಂಟು ವರ್ಷದ ರೈಗಳು ಸಣ್ಣ ಮಗುವಿನಂತೆ ಮತ್ತೊಮ್ಮೆ ಕೇಳಿದರು, "ಕುದಿಸಿದರೆ ಹೋಗುದಿಲ್ವಾ?" ಮಹಾಬಲ ಇಲ್ಲವೆಂದು ತಲೆಯಾಡಿಸಿದ. ಬಾವಿ ಮುಚ್ಚಬೇಕು, ಹೊಂಡದ ಕೆಸರು ತೆಗೆಯಬೇಕು, ಜನರನ್ನು ಬೇರೆ ಜಾಗಕ್ಕೆ ಕಳಿಸಬೇಕು, ಬೇರೆ ದಾರಿಯಿಲ್ಲ ಎಂದ. ಅವನು ಹೋದ ಮೇಲೆ ರೈಗಳು ಊಟ ಮಾಡಲಿಲ್ಲ. ಮರುದಿನ ಪರೀಕ್ಷೆಯ ಕಾಗದ ಹಿಡಿದುಕೊಂಡು ತಾಲೂಕು ಕಚೇರಿಗೆ ಹೋದರು.

ಕಚೇರಿಯವರು ಕೆಟ್ಟವರೇನಲ್ಲ. ಕೂರಿಸಿ ಮಾತಾಡಿಸಿದರು. ಖಾಸಗಿಯಾಗಿ ಮಾಡಿಸಿದ ಪರೀಕ್ಷೆ ನಡೆಯುವುದಿಲ್ಲ ಎಂದರು. ಅಲ್ಲಿ ವಾಸವಾಗಿರುವ ಹದಿನಾರು ಮನೆಯವರೂ ನೀರು ಕೆಟ್ಟಿದೆ, ಬೇರೆ ಜಾಗ ಬೇಕು ಎಂದು ಸಹಿ ಹಾಕಿದ ಅರ್ಜಿ ಬಂದರೆ ಮೇಲಿನಿಂದ ಜನ ಕಳಿಸಿ ಮಣ್ಣು ನೀರು ಎರಡನ್ನೂ ನೋಡಿಸಬಹುದು ಎಂದರು. ಆಮೇಲೆ ಫೈಲು ತೆರೆದು, "ಇಲ್ಲಿ ನೀವೇ ಬರೆದುಕೊಟ್ಟದ್ದು ಉಂಟಲ್ಲ?" ಎಂದು ಆ ದೊಡ್ಡ ಸಹಿಯನ್ನು ತೋರಿಸಿದರು.

ಹದಿನಾರು ಸಹಿ. ಮಾಡಬೇಕಾದದ್ದು ಇಷ್ಟೇ. ರೈಗಳು ಅರ್ಜಿ ಬರೆಸಿ, ಶಾಯಿಯ ಪ್ಯಾಡು ಜೇಬಿನಲ್ಲಿಟ್ಟುಕೊಂಡು ಮನೆ ಮನೆ ಹತ್ತಿದರು. ಮೊದಲ ಜಗಲಿಯಲ್ಲೇ ಅಬ್ಬಾಸ್ ಕೈಕಟ್ಟಿ ನಿಂತ.

"ಸಹಿ ಹಾಕಿದರೆ ಹಕ್ಕುಪತ್ರ ವಾಪಸು ತೆಗೊಳ್ತಾರೆ ರೈಗಳೇ. ಬೇರೆ ಜಾಗ ಕೊಡ್ತಾರೆ ಅಂತ ಎಂತ ಗ್ಯಾರಂಟಿ ಉಂಟು?"

"ನೀರಿನಲ್ಲಿ ವಿಷ ಉಂಟು ಮಾರಾಯ. ನಿನ್ನ ಕೈ ನೋಡಿಕೋ."

"ಅವತ್ತು ಇಲ್ಲ ಅಂತ ಹೇಳಿದ್ದು ಯಾರು?"

"ನಾನೇ. ನನಗೆ ತಪ್ಪಿತು," ಎಂದರು ರೈಗಳು. ಅವರು ಆಯುಸ್ಸಿನಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಅಬ್ಬಾಸನಿಗೆ ಅದರಿಂದ ಮುಜುಗರವಾಯಿತೇ ಹೊರತು ಧೈರ್ಯ ಬರಲಿಲ್ಲ. ಅಷ್ಟು ಗಟ್ಟಿಯಾಗಿ ಹೇಳಿದವರು ಆಗ ತಪ್ಪಿದ್ದರೆ, ಈಗಲೂ ತಪ್ಪಿರಬಹುದಲ್ಲ? ಹಾಗೆ ಯೋಚಿಸುವುದು ಅವನಿಗೂ ಬೇಕಾಗಿತ್ತು. ಹುಟ್ಟಿದ ಮೇಲೆ ಮೊದಲ ಸಲ ತನ್ನದು ಎಂದು ಬೀಗ ಹಾಕುವ ಬಾಗಿಲು ಸಿಕ್ಕಿದವರು ಅವರೆಲ್ಲ.

ಬೇರೆ ಜಾಗ ಸಿಗುವವರೆಗೆ ತಮ್ಮ ಮನೆಯ ಬಾವಿಯಿಂದ ನೀರು ಒಯ್ಯಿರಿ ಎಂದು ರೈಗಳು ಹೇಳಿದರು. ಹೆಂಗಸರು ಒಂದು ವಾರ ಬಂದರು. ಮುಕ್ಕಾಲು ಮೈಲಿ ಇಳಿದು, ತುಂಬಿದ ಕೊಡ ಹೊತ್ತು ಹತ್ತಬೇಕು. ಅಂಗಾಲಿನಲ್ಲಿ ಗಂಟು ಎದ್ದವರಿಗೆ ಒಂದೊಂದು ಹೆಜ್ಜೆಯೂ ಮುಳ್ಳು. ಎಂಟನೇ ದಿನ ಯಾರೂ ಬರಲಿಲ್ಲ.

ಒಪ್ಪಿದವಳು ಸುಂದರಿ ಒಬ್ಬಳೇ. ಗಂಡನ ಕಾಲಿನ ಹುಣ್ಣು ತೊಳೆದವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳು ಮೊದಲು ಹೆಬ್ಬೆಟ್ಟು ಒತ್ತಿದರೆ ನಾಲ್ಕಾರು ಹೆಂಗಸರು ಹಿಂದೆ ಬಂದಾರು ಎಂದು ರೈಗಳಿಗೆ ಆಸೆ. ಆದರೆ ಅವಳು ಕೈ ಮುಗಿದು ಒಂದು ವಾಯಿದೆ ಕೇಳಿದಳು.

"ಸೀತುಗೆ ಒಂದು ಸಂಬಂಧ ಬಂದುಂಟು ಧಣಿಗಳೇ. ಮಂಡೆಕೋಲಿನವರು. ಒಳ್ಳೆ ಜನ. ಅದು ಕುದುರುವವರೆಗೆ ನೀರಿನ ಮಾತು ಎತ್ತುದು ಬೇಡ. ಆಮೇಲೆ ಹತ್ತು ಹೆಬ್ಬೆಟ್ಟು ಬೇಕಾದರೂ ಒತ್ತುತ್ತೇನೆ."

ಸೀತುವಿಗೆ ಹತ್ತೊಂಬತ್ತು. ಬೀಡಿ ಕಟ್ಟುವ ಹುಡುಗಿ, ಚುರುಕು. ಎಡ ಅಂಗೈಯಲ್ಲಿ ಆಗಲೇ ಮೂರು ಗಂಟು ಎದ್ದಿತ್ತು. ರೈಗಳು ಅದನ್ನು ನೋಡಿದರು. ಈ ಹುಡುಗಿ ಮಂಡೆಕೋಲಿಗೆ ಹೋದರೆ ಮಂಡೆಕೋಲಿನ ನೀರು ಕುಡಿಯುತ್ತಾಳೆ. ನೀರು ಬಿಟ್ಟರೆ ಇನ್ನಷ್ಟು ಹೆಚ್ಚುವುದಿಲ್ಲ ಎಂದು ಮಹಾಬಲ ಹೇಳಿದ್ದ. ಒಂದು ಜೀವವಾದರೂ ದಾಟಲಿ ಎನ್ನಿಸಿ ಆಗಲಿ ಎಂದರು.

ಎಂಬತ್ತೇಳರ ಮಾರ್ಚಿನಲ್ಲಿ ಮಂಡೆಕೋಲಿನವರು ಜೀಪಿನಲ್ಲಿ ಬಂದರು. ಹುಡುಗನ ಸೋದರಮಾವ ಐತಪ್ಪ ಎಂಬವನೇ ಮಾತಿನ ಯಜಮಾನ. ಗಂಡು ದಿಕ್ಕಿಲ್ಲದ ಮನೆಯೆಂದು ಸುಂದರಿ ರೈಗಳನ್ನು ಕರೆಸಿ ಜಗಲಿಯ ಬೆಂಚಿನಲ್ಲಿ ಕೂರಿಸಿದ್ದಳು. ಅಂಗಳದ ತುಂಬ ನೆರೆಯವರು. ಸೀತು ಸೆರಗನ್ನು ಅಂಗೈಗೆ ಎಳೆದುಕೊಂಡು, ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ತಂದು ಬಂದವರ ಮುಂದೆ ಇಟ್ಟಳು. ಬಾಯಾರಿಕೆಗೆ ಬೆಲ್ಲ ನೀರು ಕೊಡುವುದು ಆ ಸೀಮೆಯ ಮೊದಲ ಮರ್ಯಾದೆ. ಅದನ್ನು ಮುಟ್ಟದೆ ಯಾವ ಮಾತೂ ಮುಂದೆ ಹೋಗುವುದಿಲ್ಲ.

ಐತಪ್ಪ ಬೆಲ್ಲದ ತುಂಡು ಮುರಿದ. ಚೆಂಬಿಗೆ ಕೈ ಹಾಕಲಿಲ್ಲ.

"ಬೇಜಾರು ಮಾಡಬೇಡಿ ರೈಗಳೇ," ಎಂದ. "ಕಬಕದಲ್ಲಿ ಚಾ ಕುಡಿಯುವಾಗ ಒಂದು ಸುದ್ದಿ ಕೇಳಿತು. ಈ ಡಿಪೋ ಗುಡ್ಡೆಯ ನೀರಿನಲ್ಲಿ ಎಂತದೋ ದೋಷ ಉಂಟು, ಇಲ್ಲಿಯವರಿಗೆ ಚರ್ಮದ ಕಾಯಿಲೆ ಅಂತ. ಹುಡುಗಿಯ ಅಪ್ಪ ಅದರಲ್ಲೇ ಹೋದದ್ದಂತೆ. ಹೌದಾ? ನೀವು ದೊಡ್ಡವರು, ನೀವು ಹೇಳಿದರೆ ನಮಗೆ ಸಾಕು."

ಬಾಗಿಲ ಸಂದಿನಲ್ಲಿ ಸುಂದರಿಯ ಮುಖ. ಬೇಲಿಯ ಬಳಿ ಅಬ್ಬಾಸ್ ಕಿವಿ ನಿಮಿರಿಸಿ ನಿಂತಿದ್ದಾನೆ. ಇದೆಲ್ಲ ರೈಗಳಿಗೆ ಕಂಡಿತು. ಹೌದು ಎಂದರೆ ಸೀತು ಈ ಬಾವಿಯ ಬುಡದಲ್ಲೇ ಉಳಿಯುತ್ತಾಳೆ. ಅವಳ ತಲೆಮಾರಿನ ಒಬ್ಬ ಹೆಣ್ಣುಮಗಳಿಗೂ ಈ ಗುಡ್ಡೆಯಿಂದ ಸಂಬಂಧ ಕುದುರುವುದಿಲ್ಲ. ಅಲ್ಲ ಎಂದರೆ ಮೊನ್ನೆಯವರೆಗೆ ಮನೆ ಮನೆಗೆ ಹೇಳಿದ ಸತ್ಯವನ್ನು ಆ ಮನೆಯವರ ಕಣ್ಣೆದುರೇ ನುಂಗಿದಂತೆ. ರೈಗಳು ಹಿಂದೆ ಅಹಂಕಾರದಿಂದ ಮಾತಾಡಿದವರು. ಈಗ ಮರುಕದಿಂದ ಬಾಯಿ ತೆರೆದರು, ಮತ್ತು ಎರಡೂ ಸಲ ಹೇಳಿದ್ದು ಒಂದೇ.

"ನೀರಿಗೆ ಎಂತದೂ ಇಲ್ಲ. ನಾನೇ ನೋಡಿದ ಬಾವಿ."

ಐತಪ್ಪ ಇನ್ನೂ ಅವರ ಮುಖವನ್ನೇ ನೋಡುತ್ತಿದ್ದ. ರೈಗಳು ಬಗ್ಗಿ ಚೆಂಬು ಎತ್ತಿ, ತಲೆ ಹಿಂದಕ್ಕೆ ಮಾಡಿ, ಗಟಗಟನೆ ಅರ್ಧ ಕುಡಿದು ಕೆಳಗಿಟ್ಟರು. ಐತಪ್ಪ ನಕ್ಕು ಉಳಿದರ್ಧವನ್ನು ಹುಡುಗನ ಕಡೆ ದಾಟಿಸಿದ. ಒಳಗಿನಿಂದ ಹೆಂಗಸರ ಮಾತು, ಬಳೆ ಸದ್ದು ಕೇಳಿಸಿತು. ಏಪ್ರಿಲಿನಲ್ಲಿ ಮದುವೆ ಆಯಿತು, ಸೀತು ಜೀಪು ಹತ್ತಿ ಹೋದಳು. ಎಷ್ಟೋ ತಿಂಗಳ ಮೇಲೆ ಅಂದು ರೈಗಳು ಹೊಟ್ಟೆ ತುಂಬ ಉಂಡರು.

ಸುಂದರಿ ಮಾತಿಗೆ ತಪ್ಪಲಿಲ್ಲ. ಮದುವೆಯ ಮರುವಾರವೇ ಹೆಬ್ಬೆಟ್ಟು ಒತ್ತಿದಳು. ಆ ಅರ್ಜಿಯಲ್ಲಿ ಅದೊಂದೇ ಹೆಬ್ಬೆಟ್ಟು ಉಳಿಯಿತು. ಉಳಿದ ಹದಿನೈದು ಮನೆಯಲ್ಲೂ ಒಂದೇ ಉತ್ತರ, ಅದೂ ನಗುನಗುತ್ತಾ. "ಅಷ್ಟು ಜನರ ಎದುರು ಅರ್ಧ ಚೆಂಬು ಕುಡಿದಿರಲ್ಲ ರೈಗಳೇ," ಎಂದ ಅಬ್ಬಾಸ್. "ಇನ್ನು ನಮ್ಮನ್ನು ಹೆದರಿಸಿದರೆ ಆಗುದಿಲ್ಲ." ಅವತ್ತು ಹೇಳಿದ್ದು ಸುಳ್ಳು ಎಂದು ರೈಗಳು ಆಣೆ ಹಾಕಿದರು. ಅಂದರೆ ಮಂಡೆಕೋಲಿನವರಿಗೆ ಮೋಸ ಮಾಡಿದ್ದಾ ಎಂದು ಅಬ್ಬಾಸ್ ದನಿ ತಗ್ಗಿಸಿ ಕೇಳಿದ. ಆ ಮಾತು ಮಂಡೆಕೋಲಿಗೆ ಮುಟ್ಟಿದರೆ ಸೀತು ಮರುದಿನವೇ ವಾಪಸು ಬರುತ್ತಾಳೆ. ರೈಗಳು ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡು ಇಳಿದು ಬಂದರು. ಹುಡುಗಿಯೊಬ್ಬಳು ಪಾರಾದಳಲ್ಲ ಎಂದು ಅದೊಂದನ್ನೇ ಹಿಡಿದುಕೊಂಡು ಆ ಮಳೆಗಾಲ ಕಳೆದರು. ಚಳಿಗಾಲದಲ್ಲಿ ಬೀಫಾತುಮ್ಮ ತೀರಿಕೊಂಡಳು. ಅದಕ್ಕೆ ನೀರು ಕಾರಣ ಎಂದು ಯಾರೂ ಹೇಳಲಿಲ್ಲ.

ರೈಗಳು ಹೆಂಡತಿಯನ್ನು ಎಳೆ ಪ್ರಾಯದಲ್ಲೇ ಕಳಕೊಂಡವರು, ಮಕ್ಕಳಿರಲಿಲ್ಲ. ಹೆಣ್ಣು ಹೆತ್ತ ಯಾವ ಮನೆಯವರೂ ಮರೆಯದ ಒಂದು ಸಂಗತಿ ಅದಕ್ಕೇ ಅವರ ತಲೆಗೆ ಬಂದಿರಲಿಲ್ಲ. ಎಂಬತ್ತೆಂಟರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಮಂಡೆಕೋಲಿನ ಜೀಪು ಪದವು ಹತ್ತುವುದನ್ನು ಅವರು ಗದ್ದೆಯ ಬದುವಿನಿಂದ ನೋಡಿದರು. ಕೋಲೂರಿಕೊಂಡು ಮೇಲೆ ಹೋಗುವಾಗ ಸೀತು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ತಲೆ ತುಂಬ ಮಲ್ಲಿಗೆ, ಕೈ ತುಂಬ ಹಸಿರು ಬಳೆ, ತುಂಬಿದ ಹೊಟ್ಟೆ.

"ಏಳನೇ ತಿಂಗಳು. ನಿನ್ನೆ ಬಯಕೆಯ ಶಾಸ್ತ್ರ ಮುಗಿಸಿ ಇವತ್ತು ಕರಕೊಂಡು ಬಂದೆ," ಎಂದಳು ಸುಂದರಿ. ಎರಡು ವರ್ಷದಲ್ಲಿ ಅವಳ ಮುಖ ಅರಳಿದ್ದನ್ನು ರೈಗಳು ಅಂದೇ ನೋಡಿದ್ದು.

"ಇಲ್ಲಿಗೆ ಯಾಕೆ ತಂದೆ?"

"ಚೊಚ್ಚಲ ಹೆರಿಗೆಗೆ ಅಮ್ಮನ ಮನೆಗೆ ಬಾರದೆ ಮತ್ತೆಲ್ಲಿಗೆ ಹೋಗುದು ಧಣಿಗಳೇ?"

"ನೀರು, ಸುಂದರಿ. ನಿನಗೆ ಗೊತ್ತುಂಟಲ್ಲ."

ಸುಂದರಿಯ ಮುಖ ಸಣ್ಣದಾಯಿತು. "ಗೊತ್ತುಂಟು," ಎಂದಳು ಮೆಲ್ಲನೆ. "ಎಂತ ಹೇಳಿ ತಪ್ಪಿಸುದು? ಕಳಿಸಿದ್ದು ಐತಪ್ಪಣ್ಣನೇ. ರೈಗಳು ಕುಡಿದು ತೋರಿಸಿದ ನೀರು, ಎಂತ ಹೆದರಿಕೆ ಅಂತ ಹೇಳಿದ್ರು. ಕರಕೊಂಡು ಬಾರದಿದ್ದರೆ ತಾಯಿಗೆ ಮಗಳು ಭಾರವಾದಳಾ ಅಂತ ಕೇಳ್ತಾರೆ."

"ನನ್ನ ಮನೆಯಲ್ಲಿ ಇರಲಿ. ಹೆರಿಗೆ ಅಲ್ಲೇ ಆಗಲಿ."

"ಹೆಂಗಸು ದಿಕ್ಕಿಲ್ಲದ ಮನೆಯಲ್ಲಾ? ಜನ ಎಂತ ಹೇಳಿಯಾರು?"

ಮರುದಿನದಿಂದ ರೈಗಳು ತಮ್ಮ ಬಾವಿಯ ನೀರನ್ನು ತಾವೇ ಹೊತ್ತರು. ಎಪ್ಪತ್ತು ಮುಟ್ಟಿದ ಮುದುಕ, ಮಡಿಸಲಾರದ ಮೊಣಕಾಲು. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ನಾಲ್ಕನೇ ದಿನ ಅಂಗಳಕ್ಕೆ ಕಾಲಿಟ್ಟಾಗ, ಸೊಸೆಯನ್ನು ಬಿಡಲು ಮಂಡೆಕೋಲಿನಿಂದ ಬಂದು ಉಳಿದಿದ್ದ ಸೀತುವಿನ ಅತ್ತೆ ಮೊದಲ ಸಲ ಎದುರು ಸಿಕ್ಕಳು. ಕೊಡವನ್ನು ಭಕ್ತಿಯಿಂದಲೇ ಇಳಿಸಿಕೊಂಡು, ಒಲೆಯ ಮೇಲಿನ ಮೀಯುವ ಹಂಡೆಗೆ ಸುರಿದಳು.

"ಕುಡಿಯಲಿಕ್ಕೆ ಅಂತ ತಂದದ್ದು ಅಮ್ಮ," ಎಂದರು ರೈಗಳು ಏದುತ್ತಾ.

"ಬಸುರಿಗೆ ನೀರು ಬದಲಿಸಿದರೆ ಶೀತ ಆಗ್ತದೆ ರೈಗಳೇ," ಎಂದಳು ಅತ್ತೆ. "ಕುಡಿದು ಬೆಳೆದ ಬಾವಿಯದ್ದೇ ಕುಡಿಯಲಿ. ನಿಮ್ಮದು ಮೀಯಲಿಕ್ಕೆ ಆಯಿತು."

ಸುಂದರಿ ಬಾಗಿಲಲ್ಲಿ ನಿಂತು ನೆಲ ನೋಡಿದಳು. ಬಾಯಿ ಬಿಟ್ಟರೆ ಮಗಳ ಸಂಸಾರ ಹೋಗುತ್ತದೆ. ರೈಗಳು ಬಾಯಿ ತೆರೆದರು. ಅವತ್ತು ನಾನು ಸುಳ್ಳು ಹೇಳಿದ್ದು ಎನ್ನಲು ಹೊರಟರು. ಸುಂದರಿ ತಲೆಯೆತ್ತಿ ಬೇಡ ಎಂಬಂತೆ ಅವರನ್ನು ನೋಡಿದಳು. ಅವರು ಖಾಲಿ ಕೊಡ ಎತ್ತಿಕೊಂಡರು.

ಒಳಗಿನಿಂದ ಸೀತು ಬಾಯಾರಿಕೆ ಎಂದಳು. ಅತ್ತೆ ಆಗತಾನೇ ಸೇದಿದ ನೀರನ್ನು ಚೆಂಬಿಗೆ ಬಗ್ಗಿಸಿಕೊಟ್ಟಳು. ಸೀತು ಪೂರ್ತಿ ಕುಡಿದು, ಇನ್ನೂ ಸ್ವಲ್ಪ ಬೇಕೆಂದು ಚೆಂಬು ಚಾಚಿದಳು.